ಪಂಕ್ತಿ ಮತ್ತು ಹೇಸಿಗೆ

ಯಾವುದು ಉಣ್ಣತಕ್ಕದ್ದು, ಯಾವುದು ಅಲ್ಲ ಎಂಬುದನ್ನು ನಾಲಿಗೆಯೊಂದೇ ತೀರ್ಮಾನಿಸುವುದಿಲ್ಲ. ತುತ್ತು ಬಾಯಿಗೆ ಬರುವ ಮೊದಲೇ, ಅದನ್ನು ಅಟ್ಟವರು ಯಾರು, ಬಡಿಸಿದವರು ಯಾರು, ಪಕ್ಕದ ಎಲೆಗೆ ಕುಳಿತವರು ಯಾರು ಎಂಬ ಲೆಕ್ಕವನ್ನು ಮನಸ್ಸು ಮುಗಿಸಿರುತ್ತದೆ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕ್ರಿಮಿಶುದ್ಧಿ ಮಾಡಿದ ಸತ್ತ ಜಿರಲೆಯನ್ನು ಅದ್ದಿ ತೆಗೆದ ಹಣ್ಣಿನ ರಸವನ್ನು, ಅದರಿಂದ ಅಪಾಯವಿಲ್ಲವೆಂದು ತಿಳಿದ ಮೇಲೂ ಜನರು ಹೇಸಿ ದೂರ ಸರಿಸಿದರು. ಒಮ್ಮೆ ತಾಕಿದ್ದು ಬಿಡದೆ ಅಂಟಿಕೊಂಡಿರುತ್ತದೆ ಎಂಬ ಈ ಭಾವವನ್ನು ಕನ್ನಡದ ಮನೆಗಳು ಎಂಜಲು, ಮುಸುರೆ, ಮೈಲಿಗೆ ಎಂಬ ಮಾತುಗಳಲ್ಲಿ ಬಹುಕಾಲದಿಂದ ಬಲ್ಲವು.

ಹೇಸಿಗೆಯು ವಸ್ತುವನ್ನು ದಾಟಿ ಮನುಷ್ಯನ ಮೇಲೆ ಕೂತಾಗ ಅದು ಸಮಾಜದ ಕಟ್ಟಳೆಯಾಗುತ್ತದೆ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಶ್ರಾದ್ಧದ ಊಟದ ಸಾಲಿಗೆ ಸಲ್ಲದವರನ್ನು ಅಪಾಂಕ್ತೇಯರೆಂದೂ, ತಮ್ಮ ಇರವಿನಿಂದಲೇ ಸಾಲನ್ನು ಶುದ್ಧಗೊಳಿಸುವವರನ್ನು ಪಂಕ್ತಿಪಾವನರೆಂದೂ ವಿಂಗಡಿಸುತ್ತದೆ. ಅಲ್ಲಿ ಪಂಕ್ತಿಯೆಂದರೆ ಹೊರಗಿಡುವ ಗೆರೆ.

ಕೊಳ್ಳೇಗಾಲ ಸೀಮೆಯಲ್ಲಿ ಅದೇ ಪದ ತಿರುವುಮುರುವಾಗಿದೆ. ಜನಪದ ಸಂತ ಮಂಟೇಸ್ವಾಮಿಯ ಶಿಶುಮಗನಾದ ಸಿದ್ಧಪ್ಪಾಜಿಯ ನೆಲೆಯಾದ ಚಿಕ್ಕಲ್ಲೂರಿನಲ್ಲಿ ಪುಷ್ಯಮಾಸದ ಹುಣ್ಣಿಮೆಗೆ ಚಂದ್ರಮಂಡಲವೆಂಬ ಆಚರಣೆಯೊಂದಿಗೆ ಆರಂಭವಾಗುವ ಐದು ದಿನದ ಜಾತ್ರೆಯಲ್ಲಿ ಒಂದು ದಿನ ಪಂಕ್ತಿಸೇವೆಗೆ ಮೀಸಲು. ಹದಿನೆಂಟು ಕೋಮಿನ ಒಕ್ಕಲು ಬಿಡಾರ ಹೂಡಿ, ಮಾಂಸದಡುಗೆ ಮಾಡಿ, ಎಡೆಯಿಟ್ಟು, ಬಂದವರೊಡನೆ ಕೂಡಿ ಉಣ್ಣುತ್ತದೆ. ನೀಲಗಾರರು, ಅಂದರೆ ದೀಕ್ಷೆ ಪಡೆದ ಈ ಪರಂಪರೆಯ ಗಾಯಕರು, ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವುದು ಕಂಡವರಿಗೆ ಹೇಸಿಗೆ ಹುಟ್ಟಿಸುವ ರೂಪದಲ್ಲಿ. ಶರಣರ ಭಕ್ತಿಗೆ ಅವನು ಒಡ್ಡುವ ಪರೀಕ್ಷೆ ಹೇಸಿಗೆಯನ್ನು ಗೆಲ್ಲುವ ಪರೀಕ್ಷೆಯೇ ಆಗಿದೆ.

ಇದರಿಂದ ಮಾಂಸವೇ ಧರ್ಮವೆಂದು ಸಿದ್ಧವಾಗುವುದಿಲ್ಲ. ಚಿಕ್ಕಲ್ಲೂರಿನಲ್ಲಿ ಪಂಕ್ತಿಗೆ ಕೂರುವವರಲ್ಲಿ ಎಷ್ಟೋ ಮಂದಿ ಮಲೆ ಮಹದೇಶ್ವರನ ಬೆಟ್ಟ ಹತ್ತುವಾಗ ಮಾಂಸವನ್ನು ತೊರೆದು ದಾಸೋಹದ ಅನ್ನ ಉಣ್ಣುತ್ತಾರೆ. ಅವರಿಗೆ ಶುದ್ಧಿಯು ಪದಾರ್ಥದ ಗುಣವಾಗಿರದೆ, ಯಾವ ದೇವರ ಮುಂದೆ ಯಾವ ಹೊತ್ತಿನಲ್ಲಿ ಹೇಗೆ ನಿಲ್ಲಬೇಕೆಂಬ ನಡತೆಯಾಗಿದೆ.

1959ರ ಕರ್ನಾಟಕ ಪ್ರಾಣಿಬಲಿ ನಿಷೇಧ ಕಾಯ್ದೆಯನ್ನು ಮುಂದಿಟ್ಟು ಆಡಳಿತ ಚಿಕ್ಕಲ್ಲೂರಿನ ಪಂಕ್ತಿಸೇವೆಯನ್ನು ತಡೆಯಲು ಹೊರಟಾಗ, ಇದು ಬಲಿಯಲ್ಲ, ಊಟ ಎಂದು ಒಕ್ಕಲಿನವರು ವಾದಿಸಿದರು. ಪ್ರಾಣಿಯ ಜೀವದ ಪ್ರಶ್ನೆ ನಿಜವಾದದ್ದು, ಅದಕ್ಕೆ ಪ್ರಾಮಾಣಿಕ ಉತ್ತರ ಸಲ್ಲಲೇಬೇಕು. ಆದರೆ ಉಣ್ಣುವವರ ಮೇಲಿನ ಹೇಸಿಗೆ ಬೇರೆ, ಸಾಯುವ ಜೀವದ ಮೇಲಿನ ಕರುಣೆ ಬೇರೆ. ಇವೆರಡನ್ನು ಬೆರೆಸಿದಲ್ಲಿ ಹಳೆಯ ಅಪಾಂಕ್ತೇಯತೆಯೇ ದಯೆಯ ಹೆಸರಿನಲ್ಲಿ ಮರಳಿ ಬರುತ್ತದೆ. ಕರುಣೆ ತನ್ನ ಮಾತನ್ನು ಹೇಳಬೇಕಾದರೆ ಮೊದಲು ಆ ಸಾಲಿನಲ್ಲಿ, ನೆರೆಯವನ ಪಕ್ಕದ ಎಲೆಗೆ, ಹೇಸದೆ ಕೂರುವುದನ್ನು ಕಲಿಯಬೇಕು.