ಯಾವ ಹಗ್ಗ ದಾಟಬೇಕು?


ಇಂದಿನ ಚಿಂತನೆ: ಶೀಲ

ಆಸ್ಟ್ರೇಲಿಯಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಮದ ಮೇಲೆ ಸ್ಕೀ ಆಡಲು ಜಪಾನಿನ ನಿಸೆಕೊಗೆ ಹೊರಟಿದ್ದಾನೆ. ಜನವರಿಯ ಪ್ರವಾಸಕ್ಕೆ ತಿಂಗಳುಗಳ ಮೊದಲೇ ವಿಮಾನ, ಕೋಣೆ, ವಿಮೆ ಎಲ್ಲ ಗೊತ್ತುಮಾಡಿಕೊಂಡ. ಜೊತೆಗೆ ಅಲ್ಲಿನ ನಿಯಮವನ್ನೂ ಓದಿಕೊಂಡ.

ಸೈಬೀರಿಯಾದ ಚಳಿಗಾಳಿ ಸಮುದ್ರ ದಾಟಿ ಬಂದು ಅಲ್ಲಿ ರಾಶಿ ರಾಶಿ ಹಿಮ ಸುರಿಸುತ್ತದೆ. ಸ್ಕೀ ಜಾಗದ ಅಂಚಿಗೆ ಹಗ್ಗ ಕಟ್ಟಿರುತ್ತಾರೆ. ಆಚೆ ಹೋಗುವವರು ಗೇಟಿನಿಂದಲೇ ಹೋಗಬೇಕು. ಹಿಮ ಕುಸಿಯುವ ಅಪಾಯವಿದ್ದರೆ ಗೇಟು ಮುಚ್ಚುತ್ತಾರೆ. ಎಷ್ಟೇ ದುಡ್ಡು ಸುರಿದು, ಎಷ್ಟೇ ದೂರದಿಂದ ಬಂದಿದ್ದರೂ ಹಗ್ಗದಡಿ ನುಸುಳುವಂತಿಲ್ಲ.

ಬಂಧುಗಳೇ, ಹಗ್ಗ ಎಂದರೆ ನಮಗೆ ಸಿಟ್ಟು ಬರುವುದು ಸಹಜ. ಕೆರೆಯ ಬಳಿ, ಗುಡಿಯ ಬಳಿ ನಮಗೆಂದೇ ಕಟ್ಟಿದ ಹಗ್ಗಗಳನ್ನು ಕಂಡವರು ನಾವು. 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರು ಕುಡಿದು ಬಾಬಾಸಾಹೇಬರು ಅಂಥ ಹಗ್ಗ ದಾಟಿದರು. ಅದೇ ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಪಂಚಶೀಲ ಕೊಟ್ಟರು. ಇದು ಬೇರೆ ಬಗೆಯ ಹಗ್ಗ. ಎಲ್ಲರಿಗೂ ಒಂದೇ, ಏಕೆ ಎಂದು ಕೇಳಿದರೆ ಉತ್ತರವಿದೆ. ಕುಡಿತ ಬಿಟ್ಟ ಮನೆಯ ಮಕ್ಕಳನ್ನು ಕೇಳಿ, ಅವರೇ ಹೇಳುತ್ತಾರೆ.

ಇಂದು ಯಾವುದೇ ನಿಯಮ ಎದುರಾದರೂ ಕೇಳಿಕೊಳ್ಳೋಣ: ಇದು ನನ್ನನ್ನು ಹೊರಗಿಡುತ್ತಿದೆಯೋ, ಕಾಯುತ್ತಿದೆಯೋ?

ಎಲ್ಲರಿಗೂ ಮಂಗಳವಾಗಲಿ.