ಹೊಸದು ಗಟ್ಟಿಯಾಗುವ ತನಕ ಹಳೆಯದು ಇರಲಿ

ಮದುವೆ ಸೀಸನ್ ಮುಗಿದರೆ ಫೋಟೊ ಸ್ಟುಡಿಯೊದವರಿಗೆ ಇನ್ನೊಂದು ಕೆಲಸ ಕಾದಿರುತ್ತದೆ. ಕಂಪ್ಯೂಟರಿನಲ್ಲಿ ತುಂಬಿಕೊಂಡ ಫೋಟೊ, ವಿಡಿಯೊಗಳನ್ನು ಕುಗ್ಗಿಸಿ, ತುಂಡು ಮಾಡಿ, ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿಡಬೇಕು. ಡಿಟಿಪಿ ಸೆಂಟರಿನವರಿಗೂ ಆಡಿಟರ್ ಕಚೇರಿಯವರಿಗೂ ಇದೇ ಕೆಲಸ. ತುಂಡು ಮಾಡುವ ಪದ್ಧತಿ ಇಂದಿನದಲ್ಲ. 1.44 ಎಂಬಿ ಹಿಡಿಸುವ ಫ್ಲಾಪಿಯ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ. ಈಗಲೂ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿನಲ್ಲಿ 4 ಜಿಬಿ ಗಾತ್ರದ ಒಂದು ಫೈಲ್ ಕೂರುವುದಿಲ್ಲ.

ಈ ಕೆಲಸಕ್ಕೆ ಬಹಳ ಜನ ಬಳಸುವುದು ಸೆವೆನ್-ಜಿಪ್. ಇಗೋರ್ ಪಾವ್ಲೊವ್ 1999ರಲ್ಲಿ ಹೊರತಂದ, ದುಡ್ಡು ಕೊಡಬೇಕಿಲ್ಲದ ಸಾಧನ. ಕಮಾಂಡಿನಲ್ಲಿ ಒಂದು ತುಂಡು ಎಷ್ಟು ದೊಡ್ಡದಿರಬೇಕೆಂದು ಬರೆದರೆ ಸಾಕು, ಕೊನೆಯಲ್ಲಿ .001, .002, .003 ಎಂದು ಅಂಕಿ ಹೊತ್ತ ಫೈಲುಗಳು ಸಾಲಾಗಿ ಬರುತ್ತವೆ. ಮುಂದಿನ ತಿಂಗಳು ಅದೇ ಕಮಾಂಡನ್ನು ಅದೇ ಹೆಸರಿಗೆ ಕೊಟ್ಟು ನೋಡಿ. ಅದು ತಪ್ಪು ತೋರಿಸಿ ನಿಂತುಬಿಡುತ್ತದೆ. ಹಳೆಯ ತುಂಡುಗಳ ಮೇಲೆ ಕೈ ಇಡುವುದಿಲ್ಲ. ‘ಎಲ್ಲದರ ಮೇಲೂ ಬರೆ’ ಎನ್ನುವ ಸ್ವಿಚ್ ಇದೆಯಲ್ಲ ಎಂದು ಹುಡುಕುವವರಿಗೆ ಅದೂ ಉಪಯೋಗಕ್ಕೆ ಬರುವುದಿಲ್ಲ. ಆ ಸ್ವಿಚ್ ಇರುವುದು ಆರ್ಕೈವ್ ಅನ್ನು, ಅಂದರೆ ಕುಗ್ಗಿಸಿ ಕಟ್ಟಿದ ಗಂಟನ್ನು, ಬಿಚ್ಚುವಾಗಿನ ಬಳಕೆಗೆ, ಕಟ್ಟುವಾಗಿನ ಬಳಕೆಗಲ್ಲ.

ಕೆಲಸದ ಅವಸರದಲ್ಲಿ ಇದು ಮೊಂಡುತನ ಅನಿಸುತ್ತದೆ. ಆದರೆ ತುಂಡುಗಳು ಹೇಗೆ ಆಗುತ್ತವೆ ಎಂದು ಗಮನಿಸಿದರೆ ಕಾರಣ ತಿಳಿಯುತ್ತದೆ. ತುಂಡು ಬೀಳುವುದು ಫೈಲಿನ ಲೆಕ್ಕದಲ್ಲಲ್ಲ, ಗಾತ್ರದ ಲೆಕ್ಕದಲ್ಲಿ. ಒಂದು ವಿಡಿಯೊ ಮೂರನೆಯ ತುಂಡಿನಲ್ಲಿ ಶುರುವಾಗಿ ಐದನೆಯದರಲ್ಲಿ ಮುಗಿಯಬಹುದು. ಒಳಗೇನಿದೆ ಎಂಬ ಪಟ್ಟಿ ಇರುವುದು ಕೊನೆಯಲ್ಲಿ. ಆ ಪಟ್ಟಿ ಎಲ್ಲಿದೆ ಎಂಬ ಗುರುತು ಇರುವುದು ಮೊದಲ ತುಂಡಿನ ಆರಂಭದಲ್ಲಿ. ಹಾಗಾಗಿ ಎಲ್ಲ ಮುಗಿದ ಮೇಲೂ ಸೆವೆನ್-ಜಿಪ್ ಮೊದಲ ತುಂಡಿಗೆ ಹಿಂದಿರುಗಿ ಬರೆಯಬೇಕಾಗಬಹುದು. ಕೆಲಸ ಪೂರ್ತಿಯಾಗುವ ಮೊದಲು ಯಾವ ತುಂಡನ್ನೂ ನಕಲು ಮಾಡಿಕೊಳ್ಳಬೇಡಿ ಎಂದು ಅದರ ಕೈಪಿಡಿ ಎಚ್ಚರಿಸುವುದು ಇದಕ್ಕಾಗಿಯೇ. ಮಧ್ಯದ ಒಂದೇ ತುಂಡನ್ನು ಬದಲಿಸಿ ಉಳಿದದ್ದು ಹಾಗೇ ಇರಲಿ ಎನ್ನಲು ಇಲ್ಲಿ ಬರುವುದಿಲ್ಲ.

ಇದಕ್ಕೆ ಎದುರಾಗಿ ಲಿನಕ್ಸಿನ ಸ್ಪ್ಲಿಟ್ ಕಮಾಂಡ್ ನೋಡಿ. ಅದು ಯಾರನ್ನೂ ಕೇಳುವುದಿಲ್ಲ. ಹಳೆಯ ತುಂಡು ಅದೇ ಹೆಸರಿನಲ್ಲಿದ್ದರೆ ಅದರ ಮೇಲೆಯೇ ಬರೆಯುತ್ತ ಹೋಗುತ್ತದೆ. ಹೋದ ತಿಂಗಳು ಒಂಬತ್ತು ತುಂಡು ಆಗಿದ್ದವು, ಈ ತಿಂಗಳು ಏಳೇ ಸಾಕಾದವು ಎನ್ನೋಣ. ಕೊನೆಯ ಎರಡು ಹೋದ ತಿಂಗಳಿನವು ಹಾಗೇ ಉಳಿದವು. ಹೆಸರು ಒಂದೇ ಸಾಲಿನವು, ನೋಡುವುದಕ್ಕೆ ಒಂದೇ ಕುಟುಂಬದವು. ಒಂಬತ್ತನ್ನೂ ಜೋಡಿಸಿದರೆ ಬಾಲದಲ್ಲಿ ಬೇಡದ್ದು ಅಂಟಿಕೊಳ್ಳುತ್ತದೆ. ಇಷ್ಟೇ ಆದರೆ, ಫೈಲನ್ನು ಕುಗ್ಗಿಸಿದ್ದು ಜಿಜಿಪ್ ಎಂಬ ಸಾಧನದಲ್ಲಾಗಿದ್ದರೆ, ಬಿಚ್ಚುವಾಗ ಅದು ಎಚ್ಚರಿಕೆ ಕೊಟ್ಟು ಕೆಲಸ ಸಾಗಿಸೀತು. ಆದರೆ ನಾಲ್ಕು ತುಂಡು ಬರೆದಾಗ ಕರೆಂಟ್ ಹೋಯಿತೆನ್ನಿ. ಮೊದಲ ನಾಲ್ಕು ಈ ತಿಂಗಳಿನವು, ಉಳಿದ ಐದು ಹೋದ ತಿಂಗಳಿನವು. ಈಗ ಕೈಯಲ್ಲಿ ಈ ತಿಂಗಳಿನದೂ ಪೂರ್ತಿ ಇಲ್ಲ, ಹೋದ ತಿಂಗಳಿನದೂ ಪೂರ್ತಿ ಇಲ್ಲ. ಒಂಬತ್ತು ಫೈಲು ಕಣ್ಣೆದುರಿಗಿದ್ದೂ ಒಂದು ಬ್ಯಾಕಪ್ ಇಲ್ಲ.

ಒಂದೇ ಫೈಲಾದರೆ ಹೊಸದನ್ನು ಪಕ್ಕದಲ್ಲಿ ಸಿದ್ಧ ಮಾಡಿ, ಹೆಸರು ಬದಲಿಸಿ ಒಂದೇ ಕ್ಷಣದಲ್ಲಿ ಹಳೆಯದರ ಜಾಗಕ್ಕೆ ಕೂರಿಸಬಹುದು. ಒಂಬತ್ತು ತುಂಡುಗಳಿಗೆ ಅಂಥ ಒಂದು ಕ್ಷಣ ಇಲ್ಲ. ಒಂದಾದ ಮೇಲೆ ಒಂದು ಬದಲಾಗಬೇಕು. ಅಪಾಯವೆಲ್ಲ ಇರುವುದು ಆ ನಡುವಿನ ಹೊತ್ತಿನಲ್ಲಿ. ಆದ್ದರಿಂದ ದಾರಿ ಸರಳ: ಪ್ರತಿ ಸಲವೂ ದಿನಾಂಕ ಹಾಕಿದ ಹೊಸ ಫೋಲ್ಡರ್ ಮಾಡಿ, ತುಂಡುಗಳೆಲ್ಲ ಅದರೊಳಗೆ ಇಳಿಯಲಿ. ಆಮೇಲೆ ಪರೀಕ್ಷಿಸುವ ಕಮಾಂಡ್ ಕೊಟ್ಟು, ಎಲ್ಲ ತುಂಡುಗಳನ್ನೂ ಓದಿಸಿ ನೋಡಿ. ಅದು ಸರಿ ಎಂದ ಮೇಲಷ್ಟೇ ಹಳೆಯ ಫೋಲ್ಡರಿನ ವಿಚಾರ. ಹೆಪ್ಪಿಗೆಂದು ನಾಲ್ಕು ಚಮಚ ಮೊಸರು ತೆಗೆದಿಡದೆ ಯಾರೂ ಪಾತ್ರೆ ತೊಳೆಯುವುದಿಲ್ಲ. ನಾಳೆಯ ಮೊಸರಿಗೆ ಇಂದಿನದೇ ಆಧಾರ.

ಜಾಗ ಸಾಲದು ಎನ್ನುವ ಮಾತು ಬರುತ್ತದೆ, ಅದು ನಿಜವೂ ಹೌದು. ಎರಡು ತಿಂಗಳಿನದನ್ನು ಒಟ್ಟಿಗೆ ಇಡಲು ಎರಡರಷ್ಟು ಡಿಸ್ಕ್ ಬೇಕು. ಆದರೆ ಆ ಜಾಗವನ್ನು ದಂಡ ಎಂದು ಎಣಿಸಬಾರದು. ಬ್ಯಾಕಪ್ಪಿಗೆ ಕೊಡಬೇಕಾದ ಬೆಲೆಯೇ ಅದು. ಇದ್ದ ಒಂದೇ ಪ್ರತಿಯ ಮೇಲೆ ಹೊಸದನ್ನು ಬರೆಯಲು ಹೊರಟ ಹೊತ್ತಿನಲ್ಲಿ ನಮ್ಮ ಬಳಿ ಪ್ರತಿಯೇ ಇಲ್ಲ ಎಂದೇ ಅರ್ಥ.

ಸ್ಟುಡಿಯೊದ ಡಿಸ್ಕಿನಲ್ಲಿ ಇರುವುದು ಸ್ಟುಡಿಯೊದವರ ಸ್ವತ್ತು ಮಾತ್ರವಲ್ಲ. ಯಾರದೋ ಮಗಳ ಧಾರೆಯ ಹೊತ್ತು ಅದರಲ್ಲಿದೆ. ಮದುವೆಗೆ ಬಂದು ಹರಸಿದ ಅಜ್ಜಿಯ ಕೊನೆಯ ಚಿತ್ರವೂ ಇರಬಹುದು. ಆಡಿಟರ್ ಕಚೇರಿಯ ಡಿಸ್ಕಿನಲ್ಲಿ ಅಂಗಡಿಯವನೊಬ್ಬನ ಎಷ್ಟೋ ವರ್ಷಗಳ ಲೆಕ್ಕ ಇರುತ್ತದೆ. ನಂಬಿ ಕೊಟ್ಟವರಿಗೆ ಕಮಾಂಡು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಗೊತ್ತಿರಬೇಕಾದವರು ಕೀಬೋರ್ಡಿನ ಮುಂದೆ ಕೂತವರು. ಹಳೆಯದನ್ನು ಅಳಿಸುವ ಅಧಿಕಾರ ನಮಗೆ ಬರುವುದು ಹೊಸದು ಗಟ್ಟಿ ಎಂದು ನಾವೇ ನೋಡಿ ತಿಳಿದ ಮೇಲೆ.

ಸ್ಕ್ರಿಪ್ಟ್ ಬರೆದಿಟ್ಟು ರಾತ್ರಿ ತಾನಾಗಿ ಓಡಲು ಬಿಡುವವರಿಗೆ ಇನ್ನೊಂದು ಮಾತು. ಸೆವೆನ್-ಜಿಪ್ ಕೆಲಸ ಮುಗಿಸುವಾಗ ಒಂದು ಅಂಕಿಯನ್ನು ಬಿಟ್ಟುಹೋಗುತ್ತದೆ. 0 ಎಂದರೆ ಸರಿಯಾಯಿತು. 1 ಎಂದರೆ ಎಚ್ಚರಿಕೆ: ಬೇರೆ ಪ್ರೋಗ್ರಾಂ ತೆರೆದಿಟ್ಟುಕೊಂಡ ಯಾವುದೋ ಫೈಲ್ ಒಳಗೆ ಸೇರದೆ ಉಳಿದಿರಬಹುದು. 2 ಎಂದರೆ ಕೆಲಸ ಕೆಟ್ಟಿತು. ಕಟ್ಟುವ ಸಾಲು, ಪರೀಕ್ಷಿಸುವ ಸಾಲು, ಅಳಿಸುವ ಸಾಲು ಈ ಕ್ರಮದಲ್ಲಿ ಬರಲಿ; ನಡುವೆ && ಚಿಹ್ನೆ ಇರಲಿ. ಆಗ ಹಿಂದಿನದು 0 ಕೊಟ್ಟರೆ ಮಾತ್ರ ಮುಂದಿನದು ನಡೆಯುತ್ತದೆ. ನಿಮ್ಮ ಸ್ಕ್ರಿಪ್ಟಿನಲ್ಲಿ ಅಳಿಸುವ ಸಾಲು ಮೊದಲೇ ಬಂದಿದ್ದರೆ ಇಂದೇ ಅದನ್ನು ಕೊನೆಗೆ ಇಳಿಸಿಬಿಡಿ.