ಇನ್ನೊಬ್ಬರ ಗೂಟಕ್ಕೆ ಕಟ್ಟಿದ ದೋಣಿ

‘ವಿಮೆ ಇದೆಯಲ್ಲ, ಮತ್ತೇಕೆ ಚಿಂತೆ?’ ಎನ್ನುವ ಮಾತು ಈಗ ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. ಆ ಮಾತು ಎಷ್ಟು ನಿಜ ಎಂದು ಯೋಚಿಸುವಾಗ ನನಗೆ ದೂರದ ಕೆರಿಬಿಯನ್ ಸಮುದ್ರದ ಒಂದು ಪದ್ಧತಿ ನೆನಪಾಗುತ್ತದೆ.

ಅಲ್ಲಿನ ಬ್ರಿಟಿಷ್ ವರ್ಜಿನ್ ದ್ವೀಪಗಳಿಗೆ ಹೋಗುವ ಪ್ರವಾಸಿಗರಲ್ಲಿ ಹಲವರು ಹಾಯಿದೋಣಿಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ತಾವೇ ನಡೆಸುತ್ತಾರೆ. ಸಂಜೆಯಾದರೆ ದೋಣಿ ಎಲ್ಲಾದರೂ ನಿಲ್ಲಬೇಕಲ್ಲ! ಕಂಡಲ್ಲಿ ಲಂಗರು ಇಳಿಸಿದರೆ ತಳದ ಹವಳ, ಕಡಲಹುಲ್ಲು ಹಾಳಾಗುತ್ತವೆ. ಅದಕ್ಕೆಂದೇ ಕೊಲ್ಲಿಗಳಲ್ಲಿ ಮೂರಿಂಗ್ ಬಾಲ್ ಎಂಬ ತೇಲುಚೆಂಡುಗಳಿವೆ. ಚೆಂಡಿನ ಕೆಳಗೆ ಸರಪಳಿ ಇಲ್ಲವೇ ಹಗ್ಗ. ಅದರ ತುದಿ ಸಮುದ್ರದ ತಳದಲ್ಲಿ ಭದ್ರ. ದೋಣಿಯ ಮುಂಭಾಗವನ್ನು ಅದಕ್ಕೆ ಕಟ್ಟಿ, ರಾತ್ರಿಯ ಬಾಡಿಗೆ ಕೊಟ್ಟರೆ ನಿಶ್ಚಿಂತೆ.

ನಿಶ್ಚಿಂತೆಯೇ? ಉಪ್ಪುನೀರಿನಲ್ಲಿ ಸರಪಳಿ ಸವೆಯುವುದು ಮೇಲಿನಿಂದ ಕಾಣುವುದಿಲ್ಲ. ನಡುರಾತ್ರಿ ಅದು ತುಂಡಾಗಿ ದೋಣಿ ಬಂಡೆಗೆ ಬಡಿದರೆ ಹೊಣೆ ಯಾರದು? ದೋಣಿ ಒಬ್ಬರದು, ಚೆಂಡು ಮತ್ತೊಬ್ಬರದು, ವಿಮೆ ಮೂರನೆಯವರದು, ಒಳಗೆ ಮಲಗಿದವರು ನಾವು. ಚೆಂಡಿನ ಒಡೆಯರು ಸಾಮಾನ್ಯವಾಗಿ ‘ಕಟ್ಟುವವರದೇ ಹೊಣೆ’ ಎನ್ನುತ್ತಾರೆ. ವಿಮೆಯಿದ್ದರೂ ಮೊದಲ ಒಂದಿಷ್ಟು ನಷ್ಟ ಬಾಡಿಗೆಗೆ ಹಿಡಿದವರ ಠೇವಣಿಯಿಂದ ಹೋಗುವುದೇ ಹೆಚ್ಚು. ಎಂಥ ಚೆಂಡಿಗೆ ಕಟ್ಟಬೇಕೆಂಬ ಷರತ್ತು ಕರಾರಿನಲ್ಲಿದ್ದು, ಅದನ್ನು ಮೀರಿದ್ದರೆ ಪರಿಹಾರವೇ ತಪ್ಪಬಹುದು.

ಇಂಗ್ಲೆಂಡಿನ 1906ರ ಸಾಗರ ವಿಮಾ ಕಾಯ್ದೆ ಈ ವಿಷಯದಲ್ಲಿ ತೂಕದ ಮಾತು ಹೇಳುತ್ತದೆ. ನಮ್ಮ 1963ರ ಕಾಯ್ದೆಯೂ ಅದೇ ಜಾಡಿನದು. ಕರಾರು ಬೇರೆ ಹೇಳದಿದ್ದರೆ, ನಾವಿಕರ ಅಜಾಗರೂಕತೆಯೊಂದೇ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ. ಆದರೆ ವಿಮೆ ಮಾಡಿಸಿದವರೇ ಬೇಕೆಂದು ಮಾಡಿದ ಕೇಡಿಗೆ ಪರಿಹಾರವಿಲ್ಲ. ಜೊತೆಗೆ, ನಷ್ಟ ತಪ್ಪಿಸಲು ತಕ್ಕ ಪ್ರಯತ್ನ ಮಾಡುವುದು ವಿಮೆ ಮಾಡಿಸಿದವರ ಕರ್ತವ್ಯ ಎಂದೂ ಅದು ಹೇಳುತ್ತದೆ. ವಿಮೆ ಕೊಂಡಾಕ್ಷಣ ಎಚ್ಚರವನ್ನು ಮಾರಿಬಿಟ್ಟಂತೆ ಆಗುವುದಿಲ್ಲ.

ಹೆಂಗಸರಾದ ನಮಗೆ ಇದು ಹೊಸತೇ? ಓರಗಿತ್ತಿಯ ಸರ ಹಾಕಿಕೊಂಡು ಮದುವೆಗೆ ಹೋಗಿ, ರಾತ್ರಿ ಅದನ್ನು ಛತ್ರದ ಬೀರುವಿನಲ್ಲಿಟ್ಟೆವೆನ್ನಿ. ಸರ ಅವಳದು, ಬೀಗ ಛತ್ರದವರದು. ಆದರೂ ಎರಡು ಸಲ ಎದ್ದು ಬೀಗ ಜಗ್ಗಿ ನೋಡುತ್ತೇವೆ. ಸರ ಹೋದರೆ ಹಣ ಕೊಟ್ಟು ತೀರಿಸಬಹುದು. ‘ಬೀಗ ಸರಿಯಾಗಿ ನೋಡಿದ್ದೆಯಾ?’ ಎಂಬ ಪ್ರಶ್ನೆಗೆ ಹಣ ಉತ್ತರವಾದೀತೇ?

ಅನುಭವಸ್ಥ ದೋಣಿಗರು ಚೆಂಡಿಗೆ ಕಟ್ಟಿದ ಮೇಲೆ ನೀರಿಗಿಳಿದು, ಮುಳುಗಿ, ಸರಪಳಿಯನ್ನು ಕಣ್ಣಾರೆ ನೋಡಿಬರುತ್ತಾರೆ. ಸಂಶಯ ಬಂದರೆ ಬೇರೆ ಜಾಗ ಹುಡುಕುತ್ತಾರೆ. ವಿಮೆ ಬೇಡವೆಂದು ನಾನು ಹೇಳುತ್ತಿಲ್ಲ, ಖಂಡಿತ ಇರಲಿ. ಆದರೆ ನಮ್ಮ ದೋಣಿ ಕಳಚಿಕೊಂಡರೆ ಗಾಳಿ ಬೀಸುವ ದಿಕ್ಕಿನಲ್ಲಿ ಇನ್ನೊಂದು ದೋಣಿ ನಿಂತಿರುತ್ತದೆ. ಅದರಲ್ಲಿ ಮಲಗಿರುವ ಮಕ್ಕಳು ನಮ್ಮ ಯಾವ ಕರಾರಿಗೂ ಸಹಿ ಹಾಕಿದವರಲ್ಲ.